ಮಧ್ಯಾಹ್ನ ಕಣ್ಣು ಬಿಟ್ಟ ಪಟ

ನಮ್ಮೂರಿನ ಮೊಟ್ಟೆಯ ಬಿಳಿಯೆಲ್ಲ ಹಡಗು ಹತ್ತುತ್ತಿತ್ತು, ಹಳದಿಯೆಲ್ಲ ನಮ್ಮ ತಲೆಗೆ ಕಟ್ಟಿಕೊಳ್ಳುತ್ತಿತ್ತು. ನಾನು ಆ ಹಳದಿಯ ವ್ಯಾಪಾರಿ, ಹೆಸರು ಚಿಕ್ಕಬೋರ. ಹೊಳೆ ಸಮುದ್ರ ಸೇರುವ ಕಡೆ ಕಂಪನಿಯವರು ಪಟದ ಕಾಗದದ ಕಾರ್ಖಾನೆ ಕಟ್ಟಿದ ಮೇಲೆ ಊರಿನ ಅರ್ಧ ಹೆಂಗಸರು ಉದ್ದನೆಯ ಚಪ್ಪರದಡಿ ಸಾಲಾಗಿ ಕೂತು ಮೊಟ್ಟೆ ಒಡೆಯುವುದಕ್ಕೆ ಸೇರಿಕೊಂಡರು. ಬಿಳಿಯನ್ನು ನೊರೆ ಬರುವ ತನಕ ಕಡೆದು, ಸೋಸಿ, ತೊಟ್ಟಿಗೆ ಸುರಿದು, ಅದರ ಮೇಲೆ ಕಾಗದವನ್ನು ಒಂದೊಂದಾಗಿ ತೇಲಿಸಿ ಎತ್ತಿ ಒಣಹಾಕಿದರೆ ಕಾಗದಕ್ಕೆ ಎಳೆಗರುವಿನ ಮೂತಿಯ ಹೊಳಪು ಬರುತ್ತಿತ್ತು. ಆ ಹೊಳಪಿನ ಮೇಲೆ ಬೆಳ್ಳಿಯ ನೀರು ಸವರಿ ಬಿಸಿಲಿಗೆ ಹಿಡಿದರೆ ಮನುಷ್ಯನ ಮುಖ ಮೂಡುತ್ತದೆ. ಬಿಳಿಯರ ದೇಶದಲ್ಲಿ ಆಗ ಮುಖ ಮೂಡಿಸಿಕೊಳ್ಳುವ ಹುಚ್ಚು ಹಿಡಿದಿತ್ತಂತೆ. ಅವರ ಒಂದೊಂದು ಮುಖಕ್ಕೂ ನಮ್ಮ ಕೋಳಿಯೇ ಆಗಬೇಕಿತ್ತು.

ಹಳದಿಯನ್ನು ಚರ್ಮ ಹದ ಮಾಡುವವರು ಸ್ವಲ್ಪ ಕೊಳ್ಳುತ್ತಿದ್ದರು. ಮಿಕ್ಕಿದ್ದನ್ನು ನಾವು ತಿಂದೆವು, ತಲೆಗೆ ಹಚ್ಚಿಕೊಂಡೆವು, ಗೋಡೆಗೆ ಬಳಿದೆವು, ನಾಯಿಗೆ ಹಾಕಿದೆವು. ಕೊನೆಕೊನೆಗೆ ನಾಯಿಯೂ ಮೂತಿ ತಿರುಗಿಸಿತು. ಒಂದು ದಿನ ನನ್ನ ಹೆಂಡತಿ ಚಿಕ್ಕತಾಯಿ ಬರೀ ಮುದ್ದೆ, ಉಪ್ಪೆಸರು ಬಡಿಸಿದಾಗ ನನಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಅವಳು ಖಾರ ಜಾಸ್ತಿಯಾಯಿತೇನೋ ಎಂದುಕೊಂಡಳು.

ಕಲೆ ಬಿದ್ದ ಕಾಗದ, ಅಂಚು ಹರಿದ ಕಾಗದ ಊರಿನಲ್ಲೇ ಉಳಿಯುತ್ತಿದ್ದರಿಂದ ನಮ್ಮಲ್ಲಿ ಬಡವರ ಮನೆಯಲ್ಲೂ ಪಟ ಇತ್ತು. ಸಂಜೆ ಕೋಳಿಗಳು ಗೂಡು ಸೇರಿದೊಡನೆ ಪಟದಲ್ಲಿದ್ದವರು ಕಣ್ಣು ಮುಚ್ಚುತ್ತಿದ್ದರು. ಬೆಳಗ್ಗೆ ಹುಂಜ ಕೂಗಿದಾಗ ಬಿಡುತ್ತಿದ್ದರು. ಪಟ ಎಂದ ಮೇಲೆ ಹಾಗೇ ತಾನೆ. ದೀಪ ಹಚ್ಚಿದ ಮೇಲೆ ಪಟದ ಮುಂದೆ ಜೋರಾಗಿ ಮಾತಾಡಬಾರದು ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆವು. ಸತ್ತ ಅತ್ತೆಯ ಪಟವಿದ್ದ ಮನೆಗಳಲ್ಲಿ ಸೊಸೆಯಂದಿರು ಒಳ್ಳೊಳ್ಳೆಯ ತಿಂಡಿಯನ್ನೆಲ್ಲ ಕತ್ತಲಾದ ಮೇಲೆಯೇ ಮಾಡಿಕೊಂಡು ತಿನ್ನುತ್ತಿದ್ದರು. ಒಂದು ವರ್ಷ ಕೋಳಿಗಳಿಗೆ ಬೇನೆ ಬಂದು ಅವು ಕಂಡಕಂಡಲ್ಲಿ ತೂಕಡಿಸತೊಡಗಿದಾಗ ಊರಿನ ಪಟಗಳೂ ಹಗಲೆಲ್ಲ ತೂಕಡಿಸಿದ್ದವು. ಬೇನೆ ವಾಸಿಯಾದ ಮೇಲೆ ಎಲ್ಲವೂ ಸರಿಹೋದವು. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೋ ಇದೆ ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ನಮ್ಮ ಮನೆಯಲ್ಲಿದ್ದದ್ದು ನಮ್ಮ ಭಾವನ ಪಟ. ನಮ್ಮಕ್ಕ ದ್ಯಾವೀರಮ್ಮನ ಗಂಡ ಮಾಯಿಗಯ್ಯ ಕಬ್ಬು ಕಡಿಯುವ ಕೂಲಿಗೆಂದು ಹಡಗು ಹತ್ತಿ ಸಕ್ಕರೆ ದ್ವೀಪಕ್ಕೆ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಮನೆಯಲ್ಲಿ ಉಣ್ಣುವುದಕ್ಕೆ ಇರಲಿಲ್ಲವೆಂದಲ್ಲ. ಕೂಲಿ ಹಿಡಿಯುವ ಏಜೆಂಟ ಬಂದು ದ್ವೀಪದ ಪಟ ತೋರಿಸಿದ್ದ. ಅದರಲ್ಲಿ ಕಬ್ಬಿನ ಗದ್ದೆಯ ಮುಂದೆ ಕೂಲಿಯವನೊಬ್ಬ ಕುರ್ಚಿಯ ಮೇಲೆ ಕೂತಿದ್ದ. ಬೆತ್ತದ ಕುರ್ಚಿ, ಕೈಯಿಡುವುದಕ್ಕೆ ಜಾಗ ಬೇರೆ. ನಮ್ಮೂರಿನಲ್ಲಿ ಪಟೇಲನನ್ನು ಬಿಟ್ಟರೆ ಕುರ್ಚಿಯಲ್ಲಿ ಕೂತವರೇ ಇಲ್ಲ. ಭಾವ ಆ ಕುರ್ಚಿ ನೋಡಿ ಹೆಬ್ಬೆಟ್ಟು ಒತ್ತಿದ. ಪಟ ಸುಳ್ಳು ಹೇಳುವುದಿಲ್ಲ ಎಂದು ನನಗೇ ಬುದ್ಧಿ ಹೇಳಿದ.

ಹೊರಡುವ ಮುಂಚೆ ಗಂಡಹೆಂಡಿರಿಬ್ಬರೂ ಒಂದೊಂದು ಪಟ ತೆಗೆಸಿಕೊಂಡರು. ಅವನದು ಅವಳ ಹತ್ತಿರ, ಅವಳದು ಅವನ ಹತ್ತಿರ. ಆ ಕಾಲದಲ್ಲಿ ಪಟಕ್ಕೆ ಕೂತರೆ ತಲೆ ಅಲ್ಲಾಡದಂತೆ ಹಿಂದಿನಿಂದ ಕಬ್ಬಿಣದ ಕವಲು ಒತ್ತಿಹಿಡಿಯುತ್ತಿದ್ದರು. ಅಕ್ಕ ಆ ಕವಲಿಗೆ ಸಿಟ್ಟಾಗಿ ಕೂತಳು, ಅದೇ ಸಿಟ್ಟು ಕಾಗದಕ್ಕೆ ಬಂತು. ಆ ಜಗಳಗಂಟಿ ಮುಖವನ್ನೇ ಭಾವ ಬಟ್ಟೆಯಲ್ಲಿ ಸುತ್ತಿ ಎದೆಗಿಟ್ಟುಕೊಂಡು ಹೋದ.

ಇಬ್ಬರಿಗೂ ಓದುಬರಹವಿಲ್ಲ. ಅಲ್ಲಿಂದ ಯಾರಾದರೂ ಅಪರೂಪಕ್ಕೆ ವಾಪಸು ಬಂದರೆ, ಮಾಯಿಗಯ್ಯ ಚೆನ್ನಾಗಿದ್ದಾನೆ, ಇನ್ನೊಂದು ಸಲದ ಕೂಲಿಗೆ ಒಪ್ಪಿಕೊಂಡಿದ್ದಾನೆ ಎನ್ನುತ್ತಿದ್ದರು. ಅಷ್ಟೇ ಸುದ್ದಿ. ಮಿಕ್ಕಿದ್ದೆಲ್ಲ ಪಟದ ಮೇಲೆಯೇ ನಡೆಯುತ್ತಿತ್ತು. ಅಕ್ಕ ಹುಂಜಕ್ಕಿಂತ ಮುಂಚೆ ಎದ್ದು, ಮುಖ ತೊಳೆದು, ಕುಂಕುಮವಿಟ್ಟು, ಅಂಗಳ ಗುಡಿಸಿ ಸಾರಿಸಿ ಸಿದ್ಧವಾಗಿರುತ್ತಿದ್ದಳು. ಅಲ್ಲಿ ತನ್ನ ಪಟ ಕಣ್ಣು ಬಿಡುವಾಗ ತಾನು ಇಲ್ಲಿ ಹಾಸಿಗೆಯಲ್ಲಿ ಬಿದ್ದಿದ್ದರೆ ಹೇಗೆ ಎಂಬುದು ಅವಳ ವಾದ. ಪಟ ಏಳುವುದು ಕೋಳಿಯ ಜೊತೆ, ನಿನ್ನ ಜೊತೆಯಲ್ಲ, ನೀನು ಮಲಗಿದರೂ ಅದು ಏಳುತ್ತದೆ ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಅವಳು ನನ್ನನ್ನು ಸಗಣಿ ತುಳಿದುಕೊಂಡು ಒಳಗೆ ಬಂದವನಂತೆ ನೋಡುತ್ತಿದ್ದಳು. ಅವನು ಅಲ್ಲಿ ಅವಳ ಕಣ್ಣು ನೋಡಿ ಊರಿನಲ್ಲಿ ಬೆಳಗಾಯಿತು ಎಂದು ತಿಳಿದುಕೊಳ್ಳುತ್ತಾನೆ, ಇವಳು ಇಲ್ಲಿ ಅವನ ಕಣ್ಣು ನೋಡಿ ದಿನ ಶುರು ಮಾಡುತ್ತಾಳೆ. ಹೆಂಡತಿಯ ಜೊತೆ ಒಂದೇ ಮನೆಯಲ್ಲಿರುವ ನನಗೆ ಅಷ್ಟು ಶಿಸ್ತು ಬಂದಿರಲಿಲ್ಲ. ಅದಕ್ಕೆ ನನಗೆ ಭಾವನ ಮೇಲೆ ಸಿಟ್ಟು ಇನ್ನೂ ಜಾಸ್ತಿ.

ಹೀಗಿರುವಾಗ ಒಂದು ದಿನ ಹಡಗಿನಿಂದ ಹೊಸ ದೊರೆ ಇಳಿದ. ಕಾರ್ಖಾನೆಯ ದೊರೆಗೂ ದೊಡ್ಡ ದೊರೆ, ಕಾಗದದ ವಿಚಾರಕ್ಕೆಂದೇ ಬಂದವನು. ನಾವು ಅವನನ್ನು ಮೊಟ್ಟೆ ದೊರೆ ಎಂದು ಕರೆದೆವು. ಚಾವಡಿಯ ಮುಂದೆ ಊರನ್ನೆಲ್ಲ ಸೇರಿಸಿ, ಮೂಗಿಗೆ ವಸ್ತ್ರ ಒತ್ತಿಕೊಂಡೇ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ದುಭಾಷಿ ವರದಾಚಾರ್ ಅವರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಅವನು ಬಹಳ ಹೊತ್ತು ಕೂಗಾಡಿದ. ಆಚಾರ್ಯರು ವಸ್ತ್ರದ ಸಂದಿಯಿಂದ ಅದನ್ನು ನಮಗೆ ಹೇಳಿದರು.

ವಿಷಯ ಇಷ್ಟು. ನಮ್ಮೂರಿನಲ್ಲಿ ಸಂಜೆಯಾಗುವಾಗ ಅವರ ಊರಿನಲ್ಲಿ ಇನ್ನೂ ನಡುಹಗಲು. ಹಾಗಾಗಿ ಅವರ ಕಚೇರಿಗಳಲ್ಲಿ, ಕೋರ್ಟುಗಳಲ್ಲಿ ತೂಗುಹಾಕಿದ ದೊಡ್ಡ ದೊಡ್ಡ ಮನುಷ್ಯರ ಪಟಗಳೆಲ್ಲ ಊಟದ ಹೊತ್ತಿಗೆ ಕಣ್ಣು ಮುಚ್ಚಿಬಿಡುತ್ತಿದ್ದವು. ತೀರ್ಪು ಓದುವಾಗ ಹಿಂದಿನ ಗೋಡೆಯ ಮೇಲೆ ನ್ಯಾಯಾಧೀಶನ ಪಟ ನಿದ್ದೆ ಹೋಗಿದ್ದನ್ನು ನೋಡಿ ಕಳ್ಳನೊಬ್ಬ ಕಟಕಟೆಯಲ್ಲೇ ನಕ್ಕಿದ್ದನಂತೆ. ನಮ್ಮಲ್ಲಿ ಬೆಳಕು ಹರಿಯುವಾಗ ಅಲ್ಲಿ ನಡುರಾತ್ರಿ. ಸತ್ತ ಅಜ್ಜಿಯಂದಿರ ಪಟಗಳು ಕತ್ತಲಲ್ಲಿ ಫಕ್ಕನೆ ಕಣ್ಣು ಬಿಟ್ಟು ಎಷ್ಟೋ ಜನ ಮೂರ್ಛೆ ಹೋಗಿದ್ದರಂತೆ. ಎಲ್ಲಕ್ಕಿಂತ ದೊಡ್ಡ ಅವಮಾನ ಇನ್ನೊಂದು. ಯುದ್ಧ ಮಾಡಿ ಗೆದ್ದ ದೇಶಗಳ ರಾಜರನ್ನು ಸಾಲಾಗಿ ನಿಲ್ಲಿಸಿ ಪಟ ತೆಗೆಸಿ, ಅದನ್ನು ತಮ್ಮ ಮಹಾಸಭೆಯಲ್ಲಿ ಎತ್ತಿ ತೋರಿಸಿ ಮಂತ್ರಿ ಭಾಷಣ ಮಾಡುತ್ತಿದ್ದಾಗ, ಸೋತ ರಾಜರೆಲ್ಲ ಒಬ್ಬೊಬ್ಬರಾಗಿ ನಿದ್ದೆ ಹೋದರಂತೆ.

ನಮಗೆ ಅರ್ಥವಾಗದ್ದು ದೊರೆಯ ಸಿಟ್ಟಲ್ಲ, ಅವರ ಪಟಗಳ ಪಾಡು. ಅವರ ಊರಿನ ಬೇರೆ ಪಟಗಳು, ಅಂದರೆ ಬೇರೆ ಕಾಗದದ ಮೇಲಿನವು, ಹಗಲು ರಾತ್ರಿ ಕಣ್ಣು ಬಿಟ್ಟುಕೊಂಡೇ ಇರುತ್ತವೆ ಎಂದು ಆಚಾರ್ಯರು ಹೇಳಿದಾಗ ಹೆಂಗಸರೆಲ್ಲ ಲೊಚಗುಟ್ಟಿದರು. ಪಟಗಳಿಗೆ ನಿದ್ದೆ ಕೊಡದ ಜನ ಕೂಲಿಯವರಿಗೆ ಕೊಡುತ್ತಾರೆಯೇ ಎಂದು ಹಿಂದಿನಿಂದ ಯಾರೋ ಕೇಳಿದರು. ಆಚಾರ್ಯರು ಅದನ್ನು ದೊರೆಗೆ ಹೇಳಲಿಲ್ಲ.

ಕೊನೆಗೆ ಅಪ್ಪಣೆ ಬಂತು. ಊರಿನ ಕೋಳಿಗಳನ್ನೆಲ್ಲ ಕೊಂದುಹಾಕಬೇಕು, ಮುಂದಿನ ಹಡಗಿನಲ್ಲಿ ವಿಲಾಯಿತಿ ಕೋಳಿಗಳು ಬರುತ್ತವೆ. ಊರು ಅಷ್ಟೇನೂ ಬೇಸರ ಮಾಡಿಕೊಳ್ಳಲಿಲ್ಲ. ಒಂದು ವಾರ ಹಳದಿ ಬಿಟ್ಟು ಬಾಡು ತಿನ್ನಬಹುದು ಎಂದು ಕೆಲವರು ಆಗಲೇ ಮಸಾಲೆಯ ಮಾತಾಡತೊಡಗಿದ್ದರು. ನಿಜ ಹೇಳಬೇಕೆಂದರೆ ಅವರಲ್ಲಿ ನಾನೂ ಒಬ್ಬ. ಮನೆಗೆ ಬಂದರೆ ಅಕ್ಕ ಭಾವನ ಪಟದ ಕೆಳಗೆ ಗೋಡೆಗೊರಗಿ ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ಅವಳು ಒಲೆ ಹಚ್ಚದ ದಿನವನ್ನು ನಾನು ನೋಡಿಯೇ ಇರಲಿಲ್ಲ.

"ಕೋಳಿಗಳು ಸತ್ವು ಅಂದ್ರೆ ಪಟ ಕಣ್ಮುಚ್ಕೊಂಡೇ ಇರ್ತವೆ ಕಣ್ಲ ಬೋರ," ಎಂದಳು. "ಅಲ್ಲಿ ನನ್ ಪಟ ದಿನಗಟ್ಲೆ ಕಣ್ ಬಿಡ್ದೇ ಇದ್ರೆ ಅವ್ನೇನ್ ಅಂದ್ಕತಾನೆ? ಕೋಳಿ ಸತ್ವು ಅಂದ್ಕತಾನಾ? ನಾನು ಸತ್ತೆ ಅಂದ್ಕತಾನೆ."

ಭಾವನಿಗೂ ಪಟ ಏಳುವುದು ಕೋಳಿಯ ಜೊತೆ ಎಂಬುದು ಗೊತ್ತು ಎಂದೆ. ಗೊತ್ತಿದ್ದರೆ ಏನು, ಅಷ್ಟು ದೂರದಲ್ಲಿ ಒಬ್ಬನೇ ಕೂತವನಿಗೆ ಕೋಳಿಯ ನೆನಪು ಎಲ್ಲಿಂದ ಬರಬೇಕು ಎಂದಳು. ಸತ್ತಳು ಎಂದುಕೊಂಡರೆ ಅಲ್ಲೇ ಯಾರನ್ನಾದರೂ ಕಟ್ಟಿಕೊಂಡು ನಿಂತುಬಿಡುತ್ತಾನೆ, ಇಲ್ಲವೇ ಕೊರಗಿ ಸಾಯುತ್ತಾನೆ. ಎರಡರಲ್ಲಿ ಯಾವುದು ಕೆಟ್ಟದ್ದು ಎಂದು ಅವಳಿಗೆ ತೀರ್ಮಾನವಾಗಿರಲಿಲ್ಲ. ಕಟ್ಟಿಕೊಳ್ಳುವುದೇ ಕೆಟ್ಟದ್ದು ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನಗೆ ಮಸಾಲೆಯ ಯೋಚನೆ ಹೊರಟುಹೋಯಿತು. ನಮ್ಮಕ್ಕ ಯಾರ ಮುಂದೆಯೂ ಅತ್ತವಳಲ್ಲ, ಆವತ್ತೂ ಅಳಲಿಲ್ಲ. ಅದನ್ನು ನೋಡುವುದು ಅತ್ತಿದ್ದಕ್ಕಿಂತ ಕಷ್ಟವಾಗಿತ್ತು.

ಮರುದಿನ ಬೆಳಗ್ಗೆ ಅವಳು ಸೀರೆ ಬದಲಿಸಿ ಸೀದಾ ಕಾರ್ಖಾನೆಗೆ ಹೋದಳು. ಹಿಂದೆಯೇ ನಾನೂ ಹೋದೆ. ದೊರೆ ಮೇಜಿನ ಮುಂದೆ ಕೂತಿದ್ದ. ಅಕ್ಕ ಅವನನ್ನು ಬಿಟ್ಟು ಆಚಾರ್ಯರ ಕಡೆ ತಿರುಗಿ ಹೇಳಿದಳು: "ಸ್ವಾಮೀ, ದೊರೆಗೆ ಹೇಳಿ. ಕೋಳಿಗೆ ಗಡಿಯಾರ ಗೊತ್ತಿಲ್ಲ, ಬೆಳಕು ಒಂದೇ ಗೊತ್ತು. ಅವ್ರ ಊರಲ್ಲಿ ಬೆಳಗಾಗೋ ಹೊತ್ಗೆ ಇಲ್ಲಿ ನಾವು ಬೆಳಕು ಬಿಡ್ತೀವಿ. ಅವ್ರ ಊರಲ್ಲಿ ಕತ್ತಲಾಗೋಗಂಟ ದೀಪ ಹಚ್ಚಿ ಕೂರಿಸ್ತೀವಿ. ಕೋಳಿ ಕೊಲ್ಬ್ಯಾಡಿ ಅನ್ನಿ."

ಆಚಾರ್ಯರು ವಸ್ತ್ರ ತೆಗೆದು ಮೊದಲ ಸಲ ಬಾಯಿ ತುಂಬ ಮಾತಾಡಿದರು. ದೊರೆ ಮೊದಲು ನಕ್ಕ. ಆಮೇಲೆ ಹಡಗಿನ ತುಂಬ ಕೋಳಿ ತರಿಸುವುದನ್ನು ಯೋಚಿಸಿದನೋ ಏನೋ, ನಗು ನಿಲ್ಲಿಸಿ ತಲೆಯಾಡಿಸಿದ. ವಾಪಸು ಬರುವಾಗ ನಾನು ಅಕ್ಕನನ್ನು ಹೊಗಳಿದೆ. ಅವಳು ಮುಖ ಗಂಟು ಹಾಕಿಕೊಂಡೇ ನಡೆಯುತ್ತಿದ್ದಳು.

"ಅಲ್ಲಿ ಬೆಳಗಾಗೋದು ಅಂದ್ರೆ ನಮಗೆ ನಡುಮಧ್ಯಾಹ್ನ," ಎಂದಳು. "ಹೊತ್ ಮೀರಿ ಎದ್ರೆ ಸೋಮಾರಿಯಾದ್ಳು ಅಂತಾನೆ. ಏಳ್ದೇ ಇದ್ರೆ ಸತ್ಳು ಅಂತಾನೆ. ಸೋಮಾರಿ ಅನ್ನಿಸ್ಕಳೋದೇ ವಾಸಿ."

ಡಂಗುರ ಸಾರಿದರು. ಮಧ್ಯಾಹ್ನಕ್ಕೆ ಮುಂಚೆ ಯಾವ ಕೋಳಿಯೂ ಬೆಳಕು ನೋಡಕೂಡದು. ಗೂಡುಗಳಿಗೆಲ್ಲ ದಪ್ಪ ಚಾಪೆ ಹೊದಿಸಿದೆವು. ಆದರೆ ನಮ್ಮಲ್ಲಿ ಅರ್ಧ ಕೋಳಿಗಳು ಮನೆಯೊಳಗೇ ಮಲಗುವಂಥವು. ಬಾಗಿಲು ತೆಗೆದರೆ ಅವು ಏಳುತ್ತವೆ, ಅವು ಎದ್ದರೆ ಸಮುದ್ರದಾಚೆ ಅಜ್ಜಿಯಂದಿರು ಏಳುತ್ತಾರೆ. ಆದ್ದರಿಂದ ಬಾಗಿಲನ್ನೇ ತೆಗೆಯದಂತಾಯಿತು. ಬಾಗಿಲು ತೆಗೆಯದ ಮೇಲೆ ಎದ್ದು ಮಾಡುವುದೇನು? ಹುಂಜ ಕೂಗದೆ ಏಳುವ ಅಭ್ಯಾಸವೂ ನಮಗಿರಲಿಲ್ಲ. ಒಂದೇ ತಿಂಗಳಿನಲ್ಲಿ ಊರಿಗೆ ಊರೇ ಮಧ್ಯಾಹ್ನ ಹಲ್ಲುಜ್ಜತೊಡಗಿತು.

ಹಸುಗಳು ಮಾತ್ರ ಕಂಪನಿಗೆ ಸೇರಲಿಲ್ಲ. ಅವು ನಸುಕಿಗೇ ಕೂಗುತ್ತಿದ್ದವು, ನಾವು ಕಿವಿಗೆ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದೆವು. ಪೂಜಾರಿ ದೇವರನ್ನು ನಡುಬಿಸಿಲಿನಲ್ಲಿ ಎಬ್ಬಿಸಿ ಬೆಳಗಿನ ನೈವೇದ್ಯ ಇಡುತ್ತಿದ್ದ. ಉಳುವವರು ಸುಡುವ ನೆಲದ ಮೇಲೆ ನೇಗಿಲು ಹಿಡಿದು ಮೊಟ್ಟೆ ದೊರೆಯ ಮನೆತನವನ್ನು ನೆನೆಯುತ್ತಿದ್ದರು. ಕ್ಷೌರಿಕ ದೀಪದ ಬೆಳಕಿನಲ್ಲಿ ಕೆಲಸ ಮಾಡಿ ಎಷ್ಟೋ ಜನರ ಮೀಸೆ ಒಂದೊಂದು ಕಡೆ ಒಂದೊಂದು ಅಳತೆಗೆ ಬಂತು. ಕೋಳಿಗಳು ಕಂಪನಿಯ ಎಣ್ಣೆಯ ಲಾಟೀನುಗಳ ಕೆಳಗೆ ಕೂತು ಮದುವೆಮನೆಯ ಬೀಗರಂತೆ ನಮ್ಮನ್ನೇ ನೋಡುತ್ತಿದ್ದವು. ವರದಾಚಾರ್ ಒಬ್ಬರು ಮಾತ್ರ ಸೂರ್ಯನ ಹೊತ್ತಿಗೇ ಎದ್ದು ಹೊಳೆಯಲ್ಲಿ ಸಂಧ್ಯಾವಂದನೆ ಮಾಡಿ, ಬೆಳಗೆಲ್ಲ ಖಾಲಿ ಬೀದಿಯಲ್ಲಿ ಒಬ್ಬರೇ ಓಡಾಡುತ್ತಿದ್ದರು. ಇಷ್ಟು ಮಡಿಯಾದ ಊರನ್ನು ತಾವು ನೋಡಿಯೇ ಇರಲಿಲ್ಲ ಎಂದು ಅವರು ಒಮ್ಮೆ ನನಗೆ ಹೇಳಿದರು.

ದೊರೆಗೆ ತೃಪ್ತಿಯಾಗಿ ಅವನು ಹಡಗು ಹತ್ತಿದ. ಸೋತ ರಾಜರು ಈಗ ಸಭೆ ಮುಗಿಯುವ ತನಕ ಎಚ್ಚರವಾಗಿರುತ್ತಾರೆ ಎಂದು ಸುದ್ದಿ ಬಂತು. ಅಕ್ಕ ಮಾತ್ರ ದಿನದಿಂದ ದಿನಕ್ಕೆ ಸೊರಗಿದಳು. ಮಧ್ಯಾಹ್ನ ಚಾಪೆ ಸರಿಸಿ ಕೋಳಿ ಬಿಟ್ಟು, ಭಾವನ ಪಟ ಕಣ್ಣು ಬಿಟ್ಟೊಡನೆ ಅದರ ಮುಂದೆ ನಿಂತು, ಇದು ತನ್ನ ತಪ್ಪಲ್ಲ, ಕಂಪನಿಯದು ಎಂದು ದಿನಾಲೂ ವಿವರಿಸುತ್ತಿದ್ದಳು. ಇವನಿಗೆ ಹೇಳಿದ್ದು ಅವನಿಗೆ ಕೇಳಿಸುತ್ತದೆಯೇ ಎಂದು ನಾನು ತಮಾಷೆ ಮಾಡಬಹುದಿತ್ತು. ಯಾಕೋ ಬಾಯಿ ಬರಲಿಲ್ಲ.

ವರ್ಷ ತಿರುಗಿತು. ಒಂದು ದಿನ ಬೆಳಗ್ಗೆ, ಅಂದರೆ ಸೂರ್ಯನ ಬೆಳಗ್ಗೆ, ನಮಗೆ ಗಾಢ ನಿದ್ದೆಯ ಹೊತ್ತು, ಬೀದಿಯಲ್ಲಿ ಗಂಡಸೊಬ್ಬ ಗೋಳೋ ಎಂದು ಅಳುವುದು ಕೇಳಿಸಿತು. ಹೊದಿಕೆ ಎಳೆದುಕೊಂಡೆ. ಅಳು ನಿಲ್ಲಲಿಲ್ಲ. ಅಯ್ಯೋ ನನ್ನೂರೇ, ಒಬ್ಬರೂ ಉಳಿಯಲಿಲ್ಲವಲ್ಲ, ಒಂದು ಹುಂಜವೂ ಉಳಿಯಲಿಲ್ಲವಲ್ಲ ಎಂದು ಅವನು ರಾಗವಾಗಿ ಎದೆ ಬಡಿದುಕೊಳ್ಳುತ್ತಿದ್ದ. ದನಿ ಎಲ್ಲೋ ಕೇಳಿದ್ದು ಅನ್ನಿಸುವ ಹೊತ್ತಿಗೆ ಅಕ್ಕ ಬಾಗಿಲ ಹತ್ತಿರ ಹೋಗಿ ಆಗಿತ್ತು. ಕೋಳಿಗಳ ಬುಟ್ಟಿಯ ಮೇಲೆ ತನ್ನ ಕಂಬಳಿ ಎಸೆದು, ಬಾಗಿಲನ್ನು ಅರೆಗೇಣು ತೆಗೆದಳು.

ಹೊರಗೆ ಬೀದಿಯ ಮಧ್ಯೆ ನೆಲದ ಮೇಲೆ ಭಾವ ಕೂತಿದ್ದ. ಅರ್ಧ ಕೂದಲು ಹೋಗಿತ್ತು, ಉಳಿದದ್ದು ಬೆಳ್ಳಗಾಗಿತ್ತು. ಪಕ್ಕದಲ್ಲಿ ಗಂಟು. ಹಡಗಿನಿಂದಿಳಿದು ಬಂದರೆ ಬಾಗಿಲೆಲ್ಲ ಮುಚ್ಚಿ, ಒಲೆಯ ಹೊಗೆಯಿಲ್ಲ, ಮನುಷ್ಯರಿಲ್ಲ, ದನಗಳು ಹಟ್ಟಿಯಲ್ಲಿ ಕೂಗುತ್ತಿವೆ. ಮಾರಿಬೇನೆ ಬಂದು ಊರಿಗೆ ಊರೇ ತೀರಿಹೋಗಿದೆ ಎಂದು ಅವನು ತೀರ್ಮಾನಿಸಿದ್ದ. ಕಣ್ಣೊರೆಸಿಕೊಂಡು ತಲೆಯೆತ್ತಿದವನಿಗೆ ಬಾಗಿಲ ಸಂದಿಯಲ್ಲಿ ಕೆದರಿದ ತಲೆಯ ಅಕ್ಕ ಕಂಡಳು.

"ಮೆತ್ತಗೆ ಅಳು," ಎಂದಳು ಅಕ್ಕ. "ಕೋಳಿ ಎದ್ಬುಟ್ಟಾವು."

ಇಷ್ಟು ವರ್ಷಗಳ ಮೇಲೆ ಗಂಡನಿಗೆ ಅವಳು ಹೇಳಿದ ಮೊದಲ ಮಾತು ಇದು. ಅವನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದೆವು. ಅರೆಗತ್ತಲಲ್ಲಿ ನಾಲ್ಕು ಜನ ಪಿಸುಮಾತಿನಲ್ಲಿ ಮಾತಾಡುತ್ತ ಕೂತೆವು. ಗೋಡೆಯ ಮೇಲೆ ಅವನದೇ ಪಟ ಕಣ್ಣು ಮುಚ್ಚಿತ್ತು. ಚಿಕ್ಕತಾಯಿ ಅವನಿಗೆ ನೀರು ಕೊಟ್ಟಳು. ನಾನು ಬಹಳ ವರ್ಷಗಳಿಂದ ಕಾಯ್ದಿಟ್ಟ ಪ್ರಶ್ನೆ ಕೇಳಿದೆ.

"ಕುರ್ಚಿ ಇತ್ತಾ ಭಾವ?"

"ಒಂದಿತ್ತು," ಎಂದ. "ಪಟ ತೆಗೆಯೋಕೆ."

ಆಮೇಲೆ ತಾನಾಗಿಯೇ ಹೇಳಿದ. ಅಲ್ಲಿ ಅವನು ಕಬ್ಬು ಕಡಿದು ಬಂದು ರಾತ್ರಿ ಉಂಡು ಕೂರುವ ಹೊತ್ತಿಗೆ ಸರಿಯಾಗಿ ಅಕ್ಕನ ಪಟ ಕಣ್ಣು ಬಿಡುತ್ತಿತ್ತಂತೆ. ಊರಿನಲ್ಲಿ ಬೆಳಗಾಯಿತು, ಅವಳು ಅಂಗಳ ಗುಡಿಸುತ್ತಿದ್ದಾಳೆ ಎಂದುಕೊಂಡು ಅವನು ಮಲಗುತ್ತಿದ್ದ. ಹೋದ ವರ್ಷ ಒಂದು ರಾತ್ರಿ ಪಟ ಏಳಲಿಲ್ಲ. ಮರುದಿನವೂ ಇಲ್ಲ. ಎದೆ ಒಡೆದು ಎಚ್ಚರವಾಗಿಯೇ ಕೂತ. ಅವನ ಗುಡಿಸಲಿನವರೆಲ್ಲ ಅರ್ಧ ನಿದ್ದೆ ಮುಗಿಸಿದ ಮೇಲೆ ಪಟ ಕಣ್ಣು ಬಿಟ್ಟಿತು. ಊರಿನ ಹೊತ್ತು ಲೆಕ್ಕ ಹಾಕಿದರೆ ನಡುಮಧ್ಯಾಹ್ನ. ದಿನಾಲೂ ಹಾಗೇ.

"ಕೋಳಿಗೇನೋ ಆಗಿರ್ಬೋದು ಅಂತ ಹೊಳೀಲಿಲ್ವಾ?" ಎಂದು ಕೇಳಿದೆ.

"ಕೋಳಿ ಯೋಚ್ನೆ ಬರ್ಲಿಲ್ಲ ಕಣಪ್ಪ. ಇವಳ ಯೋಚ್ನೆ ಬಂತು. ಮಧ್ಯಾಹ್ನದಗಂಟ ಮಲಗೋ ಹೆಂಗ್ಸಲ್ಲ ಇವಳು. ಕಾಯಿಲೆ ಬಿದ್ದವ್ಳೆ, ಎದ್ದೇಳಕ್ಕಾಗ್ದೇ ಒದ್ದಾಡ್ತವ್ಳೆ ಅಂತ ಓಡಿ ಬಂದೆ."

ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಅಕ್ಕ ಮೆತ್ತಗೆ ಕೇಳಿದಳು. ಭಾವ ತಲೆ ಬಗ್ಗಿಸಿದ.

"ಪ್ರತಿ ಸಲ ಕೂಲಿ ಮುಗಿದಾಗ್ಲೂ ಬರಾನ ಅಂತ್ಲೇ ಇದ್ದೆ. ನಿನ್ ಪಟ ನೋಡ್ತಿದ್ದೆ. ಹೊತ್ಗೆ ಸರಿಯಾಗಿ ಏಳ್ತಿದ್ದೆ ನೀನು. ಎಲ್ಲ ಸರಿಯಾಗೈತೆ, ಇವಳಿಗೇನೂ ಕೊರತೆ ಇಲ್ಲ, ಇನ್ನೊಂದ್ಸಲ ದುಡ್ಕೊಂಡೇ ಹೋಗಾನ ಅಂತ ಹೆಬ್ಬೆಟ್ ಒತ್ತಿದೆ."

ಅಕ್ಕ ಅವನ ಮುಖವನ್ನೇ ನೋಡಿದಳು. ಹುಂಜಕ್ಕಿಂತ ಮುಂಚೆ ಎದ್ದ ಅಷ್ಟೂ ಬೆಳಗುಗಳು, ಚಳಿಯಲ್ಲಿ ತಣ್ಣೀರಿನಲ್ಲಿ ತೊಳೆದ ಮುಖ, ಜ್ವರ ಬಂದಾಗಲೂ ಬಿಡದೆ ಗುಡಿಸಿದ ಅಂಗಳ, ಎಲ್ಲ ನನಗೇ ನೆನಪಾದವು. ಅವಳಿಗೆ ಏನಾಗಿರಬೇಡ.

"ಹಂಗಾದ್ರೆ ಮೊದಲ್ನೇ ವರ್ಸವೇ ಬಿದ್ಕಂಡಿದ್ರೆ ಸಾಕಿತ್ತಾ?" ಎಂದಳು.

ನನಗೆ ನಗು ಬಂತು, ಅಳುವೂ ಬಂತು, ಎರಡನ್ನೂ ಕೋಳಿಗಳಿಗೋಸ್ಕರ ನುಂಗಿಕೊಂಡೆ. ಅಕ್ಕ ಎದ್ದು ಭಾವನ ಗಂಟು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿದ್ದ ತನ್ನ ಪಟ ತೆಗೆದು, ಅವನ ಪಟದ ಪಕ್ಕದ ಗೂಟಕ್ಕೆ ಸಿಕ್ಕಿಸಿದಳು. ಕಣ್ಣು ಮುಚ್ಚಿಕೊಂಡಿದ್ದರೂ ಅದರ ಮುಖದಲ್ಲಿ ಸಿಟ್ಟು ಹಾಗೇ ಇತ್ತು. ಆಮೇಲೆ ಬಂದು ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಮಧ್ಯಾಹ್ನವಾಯಿತು. ನಾನೇ ಬುಟ್ಟಿಯ ಮೇಲಿನ ಕಂಬಳಿ ಸರಿಸಿದೆ, ಹುಂಜ ಕೂಗಿತು, ಬೀದಿಯ ಬಾಗಿಲುಗಳೆಲ್ಲ ತೆರೆದವು. ಗೋಡೆಯ ಮೇಲೆ ಇಬ್ಬರೂ ಒಟ್ಟಿಗೆ ಕಣ್ಣು ಬಿಟ್ಟರು. ಅಕ್ಕ ಏಳಲಿಲ್ಲ. ಗೊರಕೆ ಹೊಡೆಯುತ್ತಿದ್ದಳು. ನಮ್ಮಕ್ಕ ಗೊರಕೆ ಹೊಡೆಯುತ್ತಾಳೆಂಬುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಭಾವ ಸ್ವಲ್ಪ ಹೊತ್ತು ಅವಳ ಪಕ್ಕ ನಿಂತ, ಅವಳ ಪಟದ ಕಡೆ ನೋಡಿದ, ಆಮೇಲೆ ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡು ಹೊರಗೆ ಹೋದ. ಕಬ್ಬು ಕಡಿದ ಕೈ, ಗುಡಿಸಲು ಬರುತ್ತಿರಲಿಲ್ಲ, ಅಂಗಳದ ಧೂಳನ್ನೆಲ್ಲ ನನ್ನ ಹಳದಿಯ ಗಡಿಗೆಗೇ ತುಂಬಿಸಿದ. ಗುಡಿಸಿ ಮುಗಿಸಿ ಹೊಸ್ತಿಲಲ್ಲಿ ಬಂದು ನಿಂತು, ಬಿಸಿಲು ಏರಿತು, ಇವಳನ್ನು ಎಬ್ಬಿಸಲೇ ಎಂದು ಕೇಳಿದ.

ಎಬ್ಬಿಸಿದರೆ ಕಾಲು ಮುರಿಯುತ್ತೇನೆ ಎಂದು ಹೇಳಿ ನಾನು ನೀರಿನ ಬಿಂದಿಗೆಯನ್ನು ಅವನ ಕೈಗೆ ಕೊಟ್ಟೆ. ಅಂಗಳಕ್ಕೆ ಇನ್ನೂ ನೀರು ಹಾಕಬೇಕಿತ್ತು.